ದುಡಿಮೆಯ ಭಂಗಿ ತರಬೇತಿ

ದುಡಿಯುವಾಗ ಸ್ನಾಯು, ಕೀಲು, ಬೆನ್ನಿಗೆ ಆಗುವ ಹಾನಿಯನ್ನು ತಡೆಯಲು ಭಂಗಿ, ಸಲಕರಣೆ ಮತ್ತು ಕೆಲಸದ ಕ್ರಮವನ್ನು ತಿದ್ದುವ ಕಲಿಕೆ. ಕೆಲಸವನ್ನು ದುಡಿಯುವವರ ಮೈಗೆ ಹೊಂದಿಸುವ ಎರ್ಗನಾಮಿಕ್ಸ್ ಶಾಸ್ತ್ರ ಇದರ ತಳಹದಿ.

ದಾವಣಗೆರೆ ಜಿಲ್ಲೆಯಲ್ಲಿ ಬೆಳೆ ಬದಲಾದಂತೆ ನೋವಿನ ಜಾಗವೂ ಬದಲಾಗುತ್ತದೆ. ಚನ್ನಗಿರಿಯಲ್ಲಿ ಹಸಿ ಅಡಿಕೆ ಸುಲಿಯುವವರು ಗಂಟೆಗಟ್ಟಲೆ ಕೂತು ಕಾಯನ್ನು ಕತ್ತಿಗೆ ಒತ್ತಿ ತಿರುಗಿಸುತ್ತಾರೆ. ಹೆಬ್ಬೆರಳು, ಮಣಿಕಟ್ಟು, ಕುತ್ತಿಗೆ ಸೋಲುತ್ತವೆ. ಹೊನ್ನಾಳಿ, ನ್ಯಾಮತಿಯ ಗದ್ದೆಗಳಲ್ಲಿ ನಾಟಿ ಮಾಡುವ ಹೆಂಗಸರು ಬಗ್ಗಿದ ಸೊಂಟದಲ್ಲೇ ಹಿಂದೆ ಹಿಂದೆ ಸರಿಯುತ್ತಾರೆ. ಜಗಳೂರಿನ ಮೆಕ್ಕೆಜೋಳದ ಚೀಲಗಳು ಹಮಾಲರ ಬೆನ್ನೇರುತ್ತವೆ.

ಚೀಲವನ್ನು ಮೈಗೆ ಒತ್ತಿ ಹಿಡಿದು ಮಂಡಿ ಮಡಿಸಿ ಎತ್ತುವುದು, ಸೊಂಟ ತಿರುಚದೆ ಪಾದವನ್ನೇ ತಿರುಗಿಸುವುದು, ಮಣೆಯ ಮೇಲೆ ಕೂರುವುದು, ಆಗಾಗ ಕೈ ಬದಲಿಸಿ ವಿರಮಿಸುವುದು ತರಬೇತಿಯ ಮುಖ್ಯ ಪಾಠಗಳು. ಆದರೆ ಎತ್ತುವ ವಿಧಾನ ಕಲಿಸಿದ ಮಾತ್ರಕ್ಕೆ ಬೆನ್ನುನೋವು ತಪ್ಪುವುದಿಲ್ಲವೆಂದು ಸಂಶೋಧನೆಗಳು ತೋರಿಸಿವೆ, ಹೊರೆಯೇ ತಗ್ಗಬೇಕು. ಅಮೆರಿಕದ ನಿಯೋಶ್ ಸಂಸ್ಥೆಯ ಸೂತ್ರದಂತೆ ಅನುಕೂಲಕರ ಸ್ಥಿತಿಯಲ್ಲೂ ಎತ್ತುವ ಮಿತಿ 23 ಕೆ.ಜಿ.; 50 ಕೆ.ಜಿ. ಚೀಲ ಅದರ ಎರಡು ಪಟ್ಟಿಗೂ ಹೆಚ್ಚು.

ಭಾರತದ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಂ ಗಾಯ ತರುವಷ್ಟು ಭಾರ ಹೊರಿಸುವುದನ್ನು ನಿಷೇಧಿಸಿತು. ಗದ್ದೆ, ತೋಟಗಳು ಅದರ ವ್ಯಾಪ್ತಿಗೆ ಬರಲಿಲ್ಲ. ಅಲ್ಲಿ ಚಿಕ್ಕ ಚೀಲ, ತಳ್ಳುಗಾಡಿ, ನಾಟಿ ಯಂತ್ರ, ಅಡಿಕೆ ಸುಲಿಯುವ ಯಂತ್ರಗಳು ತರಬೇತಿಯ ಜೊತೆಗೂಡಿದಾಗಲೇ ದುಡಿಯುವ ಮೈಗೆ ನಿಜವಾದ ರಕ್ಷಣೆ.