ಹಗೇವಿನ ರಾಗಿ

ಫ್ರಾನ್ಸ್ ದೇಶದ ಬೋರ್ಡೋ ಸೀಮೆಯ ಕೆಂಪು ದ್ರಾಕ್ಷಾಮದ್ಯವನ್ನು ನೆಲಮಾಳಿಗೆಯ ತಂಪಿನಲ್ಲಿ ಹತ್ತಿಪ್ಪತ್ತು ವರ್ಷಗಳ ಕಾಲ ಮಲಗಿಸಿಟ್ಟು, ತರುವಾಯ ಸೀಸೆಯ ಕೊರಳನ್ನು ಮೇಣದ ಬತ್ತಿಯ ಬೆಳಕಿಗೆ ಹಿಡಿದು ತಳದ ಗಸಿ ಕದಡದಂತೆ ಮೆಲ್ಲನೆ ಬಗ್ಗಿಸಿ, ಬಣ್ಣವನ್ನು ಕಣ್ಣಿನಿಂದಲೂ ಪರಿಮಳವನ್ನು ಮೂಗಿನಿಂದಲೂ ಒಗರನ್ನು ನಾಲಗೆಯಿಂದಲೂ ಅಳೆದು, ಇದು ಪಕ್ವವಾಯಿತು, ಇದಿನ್ನೂ ಎಳೆಯದು, ಇದರ ಕಾಲ ಮುಗಿಯಿತು ಎಂದು ಮನೆಯಲ್ಲಿಯೇ ಕುಳಿತು ತೀರ್ಪು ಹೇಳುವ ಸಂಪ್ರದಾಯವೊಂದು ಪಾಶ್ಚಾತ್ಯರಲ್ಲಿ ಉಂಟು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಗೃಹಸ್ಥರಿಗೆ ಇಂಥ ಮದ್ಯದ ಪರಿಚಯ ಇರಲಿಲ್ಲ. ಈ ನಾಡಿನ ಪಾನವೆಂದರೆ ಈಚಲ ಹೆಂಡ. ಅದು ಮುಂಜಾನೆ ಮರದಿಂದ ಇಳಿದರೆ ಬೈಗಿನ ಹೊತ್ತಿಗೆ ಹುಳಿತುಹೋಗುವಂಥದು. ವರ್ಷದ ಮಾತಿರಲಿ, ಒಂದು ದಿನದ ಆಯುಷ್ಯವೂ ಅದಕ್ಕಿಲ್ಲ. ಚನ್ನರಾಯಪಟ್ಟಣದ ಸೀಮೆಗೇ ಸೇರಿದ ಶ್ರವಣಬೆಳಗೊಳದಲ್ಲಿಯಂತೂ ಮದ್ಯವು ಮಾಂಸ ಮಧುಗಳೊಡನೆ ಶ್ರಾವಕರಿಗೆ ಮೊದಲನೆಯ ವರ್ಜ್ಯಗಳಲ್ಲಿ ಒಂದು. ಆದರೂ, ಕೆಂಪುಬಣ್ಣದ ಒಗರಾದ ಪದಾರ್ಥವೊಂದನ್ನು ನೆಲದ ತಂಪಿನೊಳಗೆ ವರ್ಷಗಟ್ಟಲೆ ಮುಚ್ಚಿಟ್ಟು, ದೀಪ ಹಿಡಿದು ಹೊರಕ್ಕೆ ತೆಗೆದು, ಕಣ್ಣು ಮೂಗು ನಾಲಗೆಗಳಿಂದ ಅದರ ವಯಸ್ಸನ್ನೂ ಗುಣವನ್ನೂ ನಿರ್ಣಯಿಸುವ ವಿದ್ಯೆ ಈ ನಾಲ್ಕು ಊರುಗಳ ಸುತ್ತಲಿನ ಹಳ್ಳಿಗಳಲ್ಲಿ ಪರಿಪೂರ್ಣವಾಗಿ ಬೆಳೆದಿದ್ದಿತು. ಆ ಪದಾರ್ಥ ರಾಗಿ. ಆ ನೆಲಮಾಳಿಗೆ ಹಗೇವು.

ಮಲೆನಾಡಿನ ಸೆರಗು ಮುಗಿದು ಬಯಲುಸೀಮೆ ಮೊದಲಾಗುವ ಎಡೆಯಿದು. ಹೇಮಾವತಿಯು ಗೊರೂರನ್ನು ದಾಟಿ ಹೊಳೆನರಸೀಪುರದ ಮಗ್ಗುಲಿನಲ್ಲಿ ಹರಿಯುವುದು. ಕಾವೇರಿಯು ಅರಕಲಗೂಡು ಸೀಮೆಯ ಕೊಣನೂರು ರಾಮನಾಥಪುರಗಳನ್ನು ಮುಟ್ಟಿಕೊಂಡು ಸಾಗುವುದು. ಶ್ರೀರಾಮದೇವರ ಅಣೆಕಟ್ಟೆ, ಕಟ್ಟೇಪುರದ ಅಣೆಕಟ್ಟೆ ಮೊದಲಾದವುಗಳ ನಾಲೆ ಹರಿದಷ್ಟು ನೆಲದಲ್ಲಿ, ಮತ್ತು ಕೆರೆಯ ಹಿಂದಿನ ಗದ್ದೆಗಳಲ್ಲಿ, ಭತ್ತ ಬೆಳೆಯುತ್ತಿದ್ದರು. ಮಿಕ್ಕ ಕೆಂಪುನೆಲವೆಲ್ಲ ಮಳೆಯನ್ನೇ ನೆಚ್ಚಿದ ಹೊಲ. ಅಲ್ಲಿ ರಾಗಿಯೇ ಅಧಿಪತಿ, ಅವರೆ ಹುಚ್ಚೆಳ್ಳುಗಳು ಅಕ್ಕಡಿ ಸಾಲಿನ ಪರಿವಾರ. ಮುಂಗಾರಿನ ಬೆಳೆ ಕಾರ್ತಿಕ ಮಾರ್ಗಶಿರಗಳಲ್ಲಿ ಕೊಯ್ಲಾಗಿ, ಮೆದೆಯಲ್ಲಿ ಕೆಲವು ಕಾಲ ಬೆಚ್ಚಗೆ ಕುಳಿತು, ಸಂಕ್ರಾಂತಿಯ ಆಚೀಚೆ ಕಣಕ್ಕೆ ಇಳಿದು ರೋಣಗಲ್ಲಿನ ಕೆಳಗೆ ಕಾಳಾಗುವುದು. ರಾಶಿಯ ಪೂಜೆ ಮುಗಿದು, ಕೊಳಗ ಖಂಡುಗಗಳ ಲೆಕ್ಕದಲ್ಲಿ ಆಯದವರಿಗೆ ಸಲ್ಲತಕ್ಕದ್ದು ಸಂದು, ವರ್ಷದ ಊಟಕ್ಕೆ ಬೇಕಾದದ್ದು ವಾಡೆ ಕಣಜಗಳನ್ನು ಸೇರಿದ ಮೇಲೆ ಉಳಿಯುವ ಪಾಲು ಹಗೇವಿಗೆ ಹೋಗುತ್ತಿದ್ದಿತು. ಬಿತ್ತನೆಯ ರಾಗಿಯನ್ನು ಮಾತ್ರ ಎಂದಿಗೂ ಹಗೇವಿಗೆ ಸುರಿಯುತ್ತಿರಲಿಲ್ಲ, ಏಕೆಂದರೆ ಗಾಳಿಯಿಲ್ಲದ ಕತ್ತಲೆಯಲ್ಲಿ ವರ್ಷಗಳನ್ನು ಕಳೆದ ಕಾಳು ಹೊಟ್ಟೆಗೆ ಆದೀತು, ಹೊಲಕ್ಕೆ ಆಗದು.

ಹಗೇವನ್ನು ತೋಡುವುದಕ್ಕೆ ಮೊದಲು ಸ್ಥಳವನ್ನು ಆರಿಸಬೇಕು. ನೀರು ನಿಲ್ಲದ ದಿಣ್ಣೆ, ಬಿರುಸಾದ ಜಂಬಿಟ್ಟಿಗೆಯ ಅಥವಾ ಗೊರಚಿನ ನೆಲ, ಕೆರೆಯ ಜವುಗು ತಾಕದ ಮಗ್ಗುಲು, ಇಷ್ಟೂ ಕೂಡಿಬಂದಲ್ಲಿ, ಅದು ಮನೆಯ ಮುಂದಿನ ಬೀದಿಯಾಗಲಿ ಗುಡಿಯ ಎದುರಿನ ಬಯಲಾಗಲಿ, ಒಬ್ಬ ಮನುಷ್ಯನು ಕಷ್ಟದಿಂದ ಇಳಿಯುವಷ್ಟು ಕಿರಿದಾದ ಬಾಯನ್ನು ತೆರೆದು, ಆಳಕ್ಕೆ ಹೋದಂತೆಲ್ಲ ಗುಡಾಣದ ಹೊಟ್ಟೆಯಂತೆ ಅಗಲಿಸುತ್ತ ಹೋಗುವರು. ತೋಡಿದ ಮೇಲೆ ಒಳಗೆ ಹುಲ್ಲು ಸುಟ್ಟು ಗೋಡೆಯ ಪಸೆಯನ್ನು ಆರಿಸುವರು. ಬುಡಕ್ಕೂ ಬದಿಗೂ ಒಣ ರಾಗಿಹುಲ್ಲನ್ನು ದಟ್ಟವಾಗಿ ಹಾಸಿ, ನೆತ್ತಿಯ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಕಾಳನ್ನು ತುಂಬಿ, ಮೇಲೆ ಮತ್ತೆ ಹುಲ್ಲು, ಹುಲ್ಲಿನ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಕಲಸಿದ ಮಣ್ಣು ಮೆತ್ತಿ ಬಾಯನ್ನು ಬಿಗಿದುಬಿಟ್ಟರೆ, ಆ ನೆಲದ ಮೇಲೆ ಎತ್ತಿನ ಗಾಡಿ ಹಾಯ್ದರೂ ಒಳಗಿನ ಸಂಪತ್ತಿನ ಸುಳಿವು ಹೊಸಬರಿಗೆ ಸಿಕ್ಕದು. ಕಳ್ಳನಿಗೂ ಇಲಿಗೂ ಬೆಂಕಿಗೂ ದಂಡಿನವರಿಗೂ ಎಟುಕದ ಉಗ್ರಾಣ ಅದು. ಟೀಪುವಿನ ಪತನವಾದ ಮರುವರ್ಷ, 1800 ರಲ್ಲಿ, ಕಂಪನಿ ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ನನು ರಾಗಿಯನ್ನು ಹೀಗೆ ನೆಲದೊಳಗೆ ರಕ್ಷಿಸುವ ಕ್ರಮವನ್ನು ಕಂಡು, 1807 ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಆಗಲೇ ಅದು ಹಳೆಯ ಪದ್ಧತಿ.

ಮುಚ್ಚಿದ ಹಗೇವಿನಲ್ಲಿ ನಡೆಯುವ ವ್ಯಾಪಾರವು ಈಗ ಎಲ್ಲರೂ ಬಲ್ಲ ವಿಷಯ. ಕಾಳು ಉಸಿರಾಡುವುದು, ಅಡಗಿಕೊಂಡ ಹುಳುವೂ ಉಸಿರಾಡುವುದು, ಇದ್ದ ಪ್ರಾಣವಾಯು ಕೆಲವು ಕಾಲದಲ್ಲಿ ಮುಗಿದು ಅಂಗಾರಾಮ್ಲ ವಾಯು ತುಂಬಿಕೊಳ್ಳುವುದು, ಹುಳು ಸಾಯುವುದು, ಕಾಳು ನಿದ್ರಿಸುವುದು. ಹಗೇವನ್ನು ತೆರೆಯುವ ದಿನ ಇದೇ ವಾಯುವು ಮೃತ್ಯುರೂಪವಾಗಿ ಕಾದಿರುತ್ತಿದ್ದಿತು. ಆತುರಪಟ್ಟು ಇಳಿದವರು ಮೇಲಕ್ಕೆ ಬಾರದೆ, ಅವರನ್ನು ಎತ್ತಲು ಇಳಿದವರೂ ಬಾರದೆ ಹೋದ ಕಥೆಗಳು ಈ ಸೀಮೆಯ ಹಳ್ಳಿಗಳ ಹಿರಿಯರ ಬಾಯಲ್ಲಿ ಇವೆ. ಆದುದರಿಂದ ಬಾಯನ್ನು ತೆರೆದು ಹೊತ್ತು ಕಳೆಯಲು ಬಿಟ್ಟು, ಅನಂತರ ಹಗ್ಗಕ್ಕೆ ಕಟ್ಟಿದ ದೀಪವನ್ನು ಒಳಗೆ ಬಿಡುವರು. ದೀಪ ನಂದಿದರೆ ಕಾಯಬೇಕು, ಉರಿದರೆ ಇಳಿಯಬಹುದು. ಯುರೋಪಿನ ದ್ರಾಕ್ಷಾಮದ್ಯದ ಕೆಲಸದವರೂ ರಸ ಹುದುಗೆದ್ದ ನೆಲಮಾಳಿಗೆಗೆ ಇಳಿಯುವಾಗ ಇದೇ ವಾಯುವಿನ ಭಯದಿಂದ ಉರಿಯುವ ಬತ್ತಿಯನ್ನು ಮುಂದೆ ಹಿಡಿದು ನಡೆಯುತ್ತಿದ್ದರೆಂಬುದನ್ನು ಓದಿದಾಗ, ಎಂದೂ ಪರಸ್ಪರ ನೋಡದ ಈ ಎರಡು ಜನಪದಗಳ ಮೇಲೆ ನನಗೆ ಒಂದೇ ಬಗೆಯ ಗೌರವ ಹುಟ್ಟಿತು.

ತೆಗೆದ ರಾಗಿಯ ಪರೀಕ್ಷೆ ಹಗೇವಿನ ಬಾಯಲ್ಲಿಯೇ ಆರಂಭವಾಗುವುದು. ಎಲ್ಲ ಕಾಳೂ ಒಂದೇ ತರದ್ದಲ್ಲ. ಬಾಯಿಯ ಸಮೀಪದ್ದೂ ಗೋಡೆಗೆ ತಾಗಿದ್ದೂ ಪಸೆಯನ್ನು ಹೀರಿ ಕಪ್ಪಾಗಿ, ಹೆಂಟೆ ಕಟ್ಟಿ, ಮುಗ್ಗಲು ನಾರುವುದು. ನಡುಹೊಟ್ಟೆಯ ಕಾಳು ಮಾತ್ರ ಚೊಕ್ಕಟವಾಗಿ ಬರುವುದು. ಯಜಮಾನನು ಒಂದು ಹಿಡಿ ತೆಗೆದು ಅಂಗೈಯಲ್ಲಿ ತಿಕ್ಕಿ ಊದುವನು. ಹೊಸ ರಾಗಿಯ ಕೆಂಪಿಗೆ ಒಂದು ಹೊಳಪುಂಟು; ವರ್ಷ ಕಳೆದಂತೆ ಹೊಳಪು ಅಡಗಿ ಬಣ್ಣ ಮಂದವಾಗುವುದು, ಮುಗ್ಗಿದರೆ ಕರಿದಾಗುವುದು. ಮೂಗಿಗೆ ಹಿಡಿದಾಗ ನೆಲದ ವಾಸನೆ ಇರಬೇಕಾದದ್ದೇ. ಆದರೆ ಬಿಸಿಲಿಗೆ ಹರಡಿದರೆ ಬಿಟ್ಟುಹೋಗುವ ವಾಸನೆ ಬೇರೆ, ಕಾಳಿನ ಒಳಕ್ಕೇ ಇಳಿದ ವಾಸನೆ ಬೇರೆ, ಮತ್ತು ಈ ಎರಡನ್ನು ಬೇರ್ಪಡಿಸಬಲ್ಲ ಮೂಗು ಊರಿನಲ್ಲಿ ಎಲ್ಲರಿಗೂ ಇರುತ್ತಿರಲಿಲ್ಲ. ಆಮೇಲೆ ನಾಲ್ಕು ಕಾಳನ್ನು ಮುಂಬಲ್ಲಿನಲ್ಲಿ ಕಡಿದು ನೋಡುವುದು: ಗರಿಕ್ಕನೆ ಮುರಿದರೆ ಒಳ್ಳೆಯದು, ಮೆತ್ತಗೆ ಅಮುಕಿದರೆ ಪಸೆ ಸೇರಿದೆ, ನಾಲಗೆಯಲ್ಲಿ ಕಹಿ ಉಳಿದರೆ ದನಕ್ಕೆ.

ಗಂಡಸರ ಪರೀಕ್ಷೆ ಅಲ್ಲಿಗೆ ಮುಗಿಯುವುದು; ನಿಜವಾದ ನ್ಯಾಯಸ್ಥಾನ ಒಳಗಿನ ಅಡುಗೆಮನೆ. ಮೊರದಲ್ಲಿ ಕೇರಿ, ತೊಳೆದು, ಒಣಗಿಸಿ, ಬೆಳಗಿನ ಜಾವದಲ್ಲಿ ರಾಗಿಕಲ್ಲಿಗೆ ಹಾಕಿದ ಕೂಡಲೆ ಬೀಸುವವಳ ಕೈಗೇ ತಿಳಿದುಬಿಡುವುದು. ಹೊಸ ರಾಗಿಯ ಹಿಟ್ಟು ಅಂಟುಗುಣವುಳ್ಳದ್ದು, ಮುದ್ದೆ ಜಿಗುಟಾಗಿ ಕೈಬಿಡದು. ಹಳೆಯ ರಾಗಿ ನೀರನ್ನು ಹೆಚ್ಚಾಗಿ ಕುಡಿಯುವುದು, ಒದಗುವುದು. ಅದೇ ಅಳತೆಯ ಹಿಟ್ಟಿನಲ್ಲಿ ಒಬ್ಬರಿಗೆ ಹೆಚ್ಚಾಗಿ ಬಡಿಸಬಹುದು. “ಎಸ್ರು ಇನ್ನೊಂದು ಚೆಂಬು ಜಾಸ್ತಿ ಇಡವ್ವ, ಹಗೇವಿನ್ ರಾಗಿ ಕಣವ್ವ” ಎಂದು ಅತ್ತೆ ಸೊಸೆಗೆ ಹೇಳುವ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿತ್ತು. ಎಸರು ಕುದಿದು, ಹಿಟ್ಟು ಬಿದ್ದು, ಕೋಲಿನಿಂದ ಗಂಟಿಲ್ಲದಂತೆ ತೊಳಸಿ, ಒದ್ದೆ ಕೈಯಲ್ಲಿ ಮಣೆಯ ಮೇಲೆ ಕಟ್ಟಿದ ಮುದ್ದೆ ಬಿರಿಯದೆ ನುಣ್ಣಗೆ ನಿಂತಿತೇ, ಮುರಿದಾಗ ನೂಲೆಳೆಯದೆ ಬಿಟ್ಟುಕೊಂಡಿತೇ, ಸಾರಿನಲ್ಲಿ ಅದ್ದಿ ನುಂಗಿದಾಗ ಗಂಟಲಿನಲ್ಲಿ ಜಾರಿತೇ, ಇವೆಲ್ಲ ತೀರ್ಪಿನ ಅಂಗಗಳು. ಮುದ್ದೆಯನ್ನು ಅಗಿಯುವ ವಾಡಿಕೆ ಇಲ್ಲದುದರಿಂದ ಇಲ್ಲಿ ರುಚಿಯ ನಿರ್ಣಯವು ನಾಲಗೆಗಿಂತ ಗಂಟಲಿಗೂ ಮೂಗಿಗೂ ಹೆಚ್ಚಾಗಿ ಸೇರಿತ್ತು. ಮಿಕ್ಕ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಮರುದಿನ ಬೆಳಿಗ್ಗೆ ಕುಡಿದಾಗ ಅಡಗಿದ್ದ ಮುಗ್ಗಲು ಹೊರಬೀಳುವುದೆಂದು, ಅದನ್ನು ಕುಡಿದ ಮೇಲೆಯೇ ಮಿಕ್ಕ ಹಗೇವಿನ ಗತಿಯನ್ನು ನಿಶ್ಚಯಿಸಬೇಕೆಂದು ವಾದಿಸುತ್ತಿದ್ದ ಅನುಭವಸ್ಥ ಮುದುಕಿಯರು ಇದ್ದರು. ಇವರ ಜ್ಞಾನವನ್ನು ಯಾರೂ ಬರೆದುಕೊಳ್ಳಲಿಲ್ಲ. ಖಂಡುಗದ ಲೆಕ್ಕವನ್ನು ಶಾನುಭೋಗರು ಬರೆದರು. ಬುಕಾನನ್ನನು ಗುಂಡಿಯ ರೀತಿಯನ್ನು ಬರೆದನು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ, ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು 1920 ರಲ್ಲಿ ರಾಗಿಯ ಬೇಸಾಯವನ್ನೇ ಕುರಿತು ಒಂದು ಪುಸ್ತಿಕೆಯನ್ನು ಬರೆದರು. ಎಸರಿಡುವವಳ ಪರೀಕ್ಷೆ ಮಾತ್ರ ಕೈಯಿಂದ ಕೈಗೆ ನಡೆದು ಬಂದಿತು.

ಹಳತನ್ನು ಮೆಚ್ಚುವ ಬುದ್ಧಿ ನಮ್ಮ ವೈದ್ಯಶಾಸ್ತ್ರಕ್ಕೆ ಸ್ವಭಾವಸಿದ್ಧವಾದದ್ದು. ಹೊಸ ಧಾನ್ಯ ಗುರು, ವರ್ಷ ಕಳೆದದ್ದು ಲಘು ಎಂಬುದು ಚರಕನ ಮತ. ಮದ್ಯದ ವಿಷಯದಲ್ಲಿಯೂ ಆತನು ಹೊಸದನ್ನು ಗುರುವೆಂದೂ ದೋಷಕಾರಿಯೆಂದೂ, ಹಳೆಯದನ್ನು ಲಘುವೆಂದೂ ದೀಪಕವೆಂದೂ ಗಣಿಸಿರುವುದು ನೆನೆಯತಕ್ಕದ್ದು. ಹಳೆಯ ಬೆಲ್ಲ, ಹಳೆಯ ತುಪ್ಪಗಳಿಗೆ ಔಷಧದ ಪದವಿಯನ್ನೇ ಕೊಟ್ಟರು. ಆದರೆ ಕಾಲವನ್ನು ಸಹಿಸುವ ಶಕ್ತಿಯನ್ನೇ ಧಾನ್ಯದ ಹಿರಿಮೆಗೆ ಒರೆಗಲ್ಲಾಗಿ ಹಿಡಿದವರು ಕನಕದಾಸರು. ಅವರ ರಾಮಧಾನ್ಯಚರಿತೆಯಲ್ಲಿ ಭತ್ತಕ್ಕೂ ನರೆದಲೆಗವೆನಿಸಿದ ರಾಗಿಗೂ ವ್ಯಾಜ್ಯ ಹುಟ್ಟಿ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಸೆರೆಬಿಟ್ಟ ದಿನ ಭತ್ತವು ಕಂದಿ ಕುಂದಿದ್ದನ್ನೂ ರಾಗಿಯು ಕುಂದದೆ ನಿಂತದ್ದನ್ನೂ ಕಂಡು ತೀರ್ಪು ಹೇಳಿದನು. ಸಾಮಾಜಿಕವಾದ ಅರ್ಥವನ್ನು ಅದರಲ್ಲಿ ವಿದ್ವಾಂಸರು ಕಂಡಿದ್ದಾರೆ, ಅದು ಸರಿಯೇ. ಆದರೆ ಕತ್ತಲೆಯಲ್ಲಿ ಮುಚ್ಚಿಟ್ಟು, ಕಾಲ ಕಳೆದು, ತೆರೆದು ನೋಡುವ ಆ ವಿಚಾರಣೆಯ ಕ್ರಮ ಹಗೇವನ್ನು ಕಂಡ ನಾಡಿನ ಕವಿಗೆ ಮಾತ್ರ ಹೊಳೆಯತಕ್ಕದ್ದೆಂದು ನನ್ನ ದೃಢವಾದ ನಂಬಿಕೆ. ರಾಗಿಯ ಈ ಬಾಳಿಕೆಗೆ ಅದರ ಕೆಂಪು ಸಿಪ್ಪೆಯಲ್ಲಿರುವ ಒಗರಿನ ಅಂಶವೂ, ಹುಳು ಹೊಕ್ಕಲು ಎಡೆಯಿಲ್ಲದಷ್ಟು ಕಿರಿದಾದ ಕಾಳೂ ಕಾರಣವೆನ್ನುತ್ತಾರೆ. ಟ್ಯಾನಿನ್ ಎಂದು ಕರೆಯುವ ಆ ಒಗರು ಬಿಳಿಯ ಬಣ್ಣದ ರಾಗಿಯಲ್ಲಿ ಅತ್ಯಲ್ಪ. ದ್ರಾಕ್ಷಿಯ ಸಿಪ್ಪೆಯಿಂದಲೂ ಬೀಜದಿಂದಲೂ ಇಳಿದು ಕೆಂಪು ಮದ್ಯವನ್ನು ದಶಕಗಳ ಕಾಲ ಕಾಯುವುದೂ, ಕೊನೆಗೆ ಗಸಿಯಾಗಿ ತಳಕ್ಕೆ ಕೂರುವುದೂ ಅದೇ ಜಾತಿಯ ಒಗರು.

ಇಷ್ಟಾದರೂ ಹಗೇವು ರಸಿಕರ ವಿಲಾಸಕ್ಕೆಂದು ಹುಟ್ಟಿದ್ದಲ್ಲ. ಬರಗಾಲದ ಭಯ ಅದನ್ನು ತೋಡಿಸಿತು. ಒಂದು ವರ್ಷದ ಮಳೆ ತಪ್ಪಿದರೆ ಹಗೇವು ಊರನ್ನು ಕಾಯುತ್ತಿದ್ದಿತು. ಧಾತು ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876 ರಿಂದ 1878 ರ ವರೆಗೆ, ಬೆಳೆ ಮೇಲಿಂದ ಮೇಲೆ ಕೈಕೊಟ್ಟಾಗ ನೆಲದೊಳಗಿನ ರಾಗಿಯೂ ಬತ್ತಿಹೋಯಿತು. 1871 ರ ಖಾನೇಸುಮಾರಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881 ರಲ್ಲಿ 42 ಲಕ್ಷದಷ್ಟಕ್ಕೆ ಇಳಿದಿತ್ತು. ಈ ಉಗ್ರಾಣದ ನ್ಯಾಯವೂ ಸರ್ವರಿಗೆ ಸಮನಾಗಿರಲಿಲ್ಲ. ಹಗೇವು ಉಳ್ಳವರದು, ಆಷಾಢದ ಕೊರತೆಯ ಕಾಲದಲ್ಲಿ ಅದರ ಮುಂದೆ ಕುಕ್ಕೆ ಹಿಡಿದು ನಿಂತವರು ಇಲ್ಲದವರು. ಸಾಲವಾಗಿ ಕೊಂಡದ್ದಕ್ಕೆ ಸುಗ್ಗಿಯಲ್ಲಿ ಬಡ್ಡಿ ಕೂಡಿಸಿ ಹೊಸ ರಾಗಿಯನ್ನು ಅಳೆಯಬೇಕು. ಕೈಗೆ ಬರುತ್ತಿದ್ದುದಾದರೋ ಅನೇಕ ವೇಳೆ ಗೋಡೆಯ ಬದಿಯ ಮುಗ್ಗಿದ ಕಾಳು. ಹಳೆಯ ರಾಗಿಯ ರುಚಿಯನ್ನು ಕುರಿತು ಬರೆಯುವವನು ಈ ಕಹಿಯನ್ನು ಮುಚ್ಚಿಡಬಾರದು. ನಡುಹೊಟ್ಟೆಯ ಚೊಕ್ಕ ಕಾಳಿನ ಪರೀಕ್ಷೆಯನ್ನು ಗೌಡರ ಮನೆ ಬಲ್ಲದು. ಮುಗ್ಗಿದ ಕಾಳನ್ನು ಏಳು ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ ಉಣ್ಣುವಂತೆ ಮಾಡುವ ವಿದ್ಯೆಯನ್ನು ಆಳಿನ ಗುಡಿಸಲು ಬಲ್ಲದು. ಎರಡನೆಯದು ಮೊದಲನೆಯದಕ್ಕಿಂತ ಕಿರಿಯ ವಿದ್ಯೆಯೆಂದು ನಾನು ಎಣಿಸಲಾರೆನು.

ಹಗೇವುಗಳ ಅಂತ್ಯ ಸದ್ದಿಲ್ಲದೆ ಬಂದಿತು. ಗೋಣಿಚೀಲವೂ ಲಾರಿಯೂ ಬಂದು ರಾಗಿ ಮಾರುಕಟ್ಟೆಯ ಸರಕಾಯಿತು. ಹಿಟ್ಟಿನ ಗಿರಣಿ ರಾಗಿಕಲ್ಲನ್ನು ಮೂಲೆಗೆ ಸೇರಿಸಿತು. ಪಡಿತರದ ಅಕ್ಕಿ ಬರಗಾಲದ ಭಯವನ್ನು ತಗ್ಗಿಸಿತು. ಹಾಸನದ ಹೊಲಗಳಿಗೆ ಆಲೂಗಡ್ಡೆಯೂ ಅರಕಲಗೂಡಿನ ಕಡೆಗೆ ಹೊಗೆಸೊಪ್ಪೂ ಕಾಲಿಟ್ಟವು. ಗೊರೂರಿನ ಬಳಿ 1979 ರಲ್ಲಿ ಮುಗಿದ ಹೇಮಾವತಿಯ ಅಣೆಕಟ್ಟಿನಿಂದ ನಾಲೆಗಳು ಹೊರಟ ಮೇಲೆ ಅನೇಕ ರಾಗಿಯ ಹೊಲಗಳು ಗದ್ದೆಯಾದವು, ಕಬ್ಬಿನ ತೋಟವಾದವು. ಮಂಡ್ಯದ ವಿಶ್ವೇಶ್ವರಯ್ಯ ಕಾಲುವೆ ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ತಳಿಗಳನ್ನು ಆಫ್ರಿಕದವುಗಳೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಸೃಷ್ಟಿಸಿದ ಮೇಲೆ ಉಳಿದ ಹೊಲಗಳಲ್ಲಿ ಇಳುವರಿ ಹೆಚ್ಚಿತು. ರಾಗಿಯ ಮೂಲನೆಲವೇ ಆಫ್ರಿಕದ ಪೂರ್ವದ ಎತ್ತರದ ಸೀಮೆಯಾದುದರಿಂದ ಅದು ಬಹುಕಾಲದ ಮೇಲೆ ಕೂಡಿದ ನೆಂಟಸ್ತಿಕೆ. ಬೆಳೆ ಹೆಚ್ಚಿದ್ದು ಸಂತೋಷದ ವಿಷಯ, ಹಸಿವು ಕಡಿಮೆಯಾದದ್ದು ಅದಕ್ಕಿಂತ ದೊಡ್ಡ ಸಂತೋಷ. ಆದರೆ ಬೀದಿಗೆ ಕಾಂಕ್ರೀಟು ಹಾಕುವಾಗ ಕುಸಿಯುವ ಹಗೇವನ್ನು ಕಸ ತುಂಬಿ ಮುಚ್ಚುವವರು, ಒಂದು ಅಳತೆಯನ್ನಾದರೂ ತೆಗೆದುಕೊಂಡು, ಅದರಿಂದ ರಾಗಿ ತೆಗೆದುದನ್ನು ಕಂಡ ಹಿರಿಯರಿಂದ ನಾಲ್ಕು ಮಾತನ್ನಾದರೂ ಕೇಳಿ ಬರೆದಿಡಬಾರದೇ?

ಆ ವಿದ್ಯೆಯ ಚೂರುಪಾರು ಇನ್ನೂ ಮನೆಗಳಲ್ಲಿ ನಡೆದಿದೆ. ಹುಣಸೆಹಣ್ಣನ್ನು ಉಪ್ಪು ಬೆರೆಸಿ ಜಾಡಿಗೆ ತುಂಬಿ, ಕಪ್ಪಾದದ್ದನ್ನು ಸಾರಿಗೂ ಕೆಂಪಗಿರುವ ಹೊಸದನ್ನು ಗೊಜ್ಜಿಗೂ ಬೇರೆ ಮಾಡುವವರು ಇದ್ದಾರೆ. ಹಳೆಯ ಅಕ್ಕಿಗೆ ಅಂಗಡಿಯಲ್ಲಿ ಇಂದಿಗೂ ಬೆಲೆ ಹೆಚ್ಚು. ಹೊಳೆನರಸೀಪುರದ ಪೇಟೆಯಲ್ಲಿ ಮೂಟೆಯ ಮುಂದೆ ನಿಂತ ಗೃಹಿಣಿಯು ಹಿಡಿ ಅಕ್ಕಿಯನ್ನು ಅಂಗೈಯಲ್ಲಿ ತಿಕ್ಕಿ, ಮೂಸಿ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, “ಇದು ವರ್ಷದ್ದಲ್ಲ, ಆರು ತಿಂಗಳದ್ದೂ ಅಲ್ಲ” ಎಂದರೆ ಅಂಗಡಿಯವನು ಎದುರಾಡದೆ ಮತ್ತೊಂದು ಮೂಟೆಯ ಬಾಯಿ ಬಿಚ್ಚುತ್ತಾನೆ.