ಮಿತಾಕ್ಷರೆಯ ಒಂದು ಪದ

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದನು. ಸ್ತ್ರೀಧನದ ಶ್ಲೋಕದಲ್ಲಿ ಬರುವ ‘ಆದ್ಯ’ ಎಂಬ ಪದಕ್ಕೆ ‘ಮೊದಲಾದುದು’ ಎಂದರ್ಥ. ದಾಯದಿಂದ, ಕ್ರಯದಿಂದ, ವಿಭಾಗದಿಂದ ಬಂದ ಸ್ವತ್ತೂ ಅದರಲ್ಲಿ ಅಡಕವಾಗಿದೆ, ಅದೂ ಹೆಣ್ಣಿನದೇ ಎಂದನು ಆತ.

1810ರಲ್ಲಿ ಕೋಲ್‌ಬ್ರೂಕ್ ಇದರ ದಾಯಪ್ರಕರಣವನ್ನು ಇಂಗ್ಲಿಷಿಗೆ ತಂದನು. ಪಂಡಿತರ ಗ್ರಂಥ ನ್ಯಾಯಾಲಯವನ್ನು ಹೊಕ್ಕಿತು. ಆದರೆ ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ವಿಶಾಲಾರ್ಥವನ್ನು ಒಪ್ಪಲಿಲ್ಲ. ಗಂಡನ ಆಸ್ತಿಯಲ್ಲಿ ವಿಧವೆಗೆ ದಕ್ಕಿದ್ದು ಜೀವಿತಕಾಲದ ಸೀಮಿತ ಹಕ್ಕು ಮಾತ್ರ. 1956ರ ಉತ್ತರಾಧಿಕಾರ ಕಾಯಿದೆ ಅದನ್ನು ಪೂರ್ಣ ಒಡೆತನವಾಗಿಸಿತು.

ಹಾಗೆಂದು ವಿಜ್ಞಾನೇಶ್ವರನನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಅವನ ಸಂಪ್ರದಾಯದಲ್ಲಿ ಗಂಡುಮಕ್ಕಳಿಗಷ್ಟೇ ಮೀಸಲಾಗಿತ್ತು. ದೇಶದ ಎಲ್ಲ ಹಿಂದೂ ಹೆಣ್ಣುಮಕ್ಕಳಿಗೂ ಅದು ಸಮನಾಗಿ ದೊರೆಯಲು 2005ರ ತಿದ್ದುಪಡಿಯೇ ಬರಬೇಕಾಯಿತು.