ಎರಿ ಹೊಲ ಗದ್ದಿ ಆದ ಕತಿ

ನಮ್ಮ ಸಿಂಧನೂರು, ಗಂಗಾವತಿ ಕಡೆ ಮದುವಿಗಂತ ಬಂದ ಬೀಗರು ಗದ್ದಿ ನೋಡಿ, "ಏನ್ ಸಪಾಟ ಐತ್ರಿ ನಿಮ್ಮ ಭೂಮಿ, ದೇವ್ರು ಚೊಲೊ ಕೊಟ್ಟಾನ" ಅಂತಾರ. ದೇವ್ರು ಕೊಟ್ಟಾಗ ಇಷ್ಟು ಸಪಾಟ ಇದ್ದಿಲ್ಲ. ಇದನ್ನ ಮಟ್ಟ ಮಾಡಿದ್ದು ಹೆಣ್ಣಮಕ್ಕಳ ತಲಿ ಮ್ಯಾಲಿನ ಬುಟ್ಟಿ, ಎತ್ತಿನ ಹಲಗಿ, ಆಮ್ಯಾಲೆ ಟ್ರ್ಯಾಕ್ಟರ್. ನಮ್ಮನ್ಯಾಗ ಈಗ ಹೊಸಾ ಟ್ರ್ಯಾಕ್ಟರ್ ಬಂದೈತಿ, ಹಿಂದ ಮಣ್ಣು ಎಳಿಯೋ ಬ್ಲೇಡೂ ಐತಿ. "ಅಷ್ಟು ರೊಕ್ಕ ಹಾಕಿ ಮಣ್ಣು ಎಳಿಸೂದು ಯಾಕ?" ಅಂತ ಓಣ್ಯಾಗ ನಾಲ್ಕು ಮಂದಿ ಕೇಳಿದ್ರು. ಅವರಿಗೆ ಹೇಳಿದ್ದನ್ನ ನಿಮಗೂ ಬರದು ಹೇಳ್ತೀನಿ.

ಅಣೆಕಟ್ಟು ಬರೂಕಿಂತ ಮೊದಲ ಇದು ನಿಜಾಮರ ಸೀಮಿ. ಎರಿ ಹೊಲದಾಗ ಬಿಳಿಜ್ವಾಳ, ಹತ್ತಿ, ಕಡ್ಲಿ ಬೆಳೀತಿದ್ರು. ಎರಿ ಮಣ್ಣು ಮಳಿ ನೀರು ಕುಡದು ತಿಂಗಳಗಟ್ಲೆ ಹಸಿ ಹಿಡಕೊಂತದ, ಹಿಂಗಾರಿ ಜ್ವಾಳ ಆ ಹಸಿ ಮ್ಯಾಲೇ ಬರ್ತದ. ಹೊಲ ಒಂದೀಟು ಇಳಕಲು ಇದ್ರ ಆವಾಗ ಚೊಲೊ. ಹೆಚ್ಚಾದ ನೀರು ಹರಕೊಂಡು ಹಳ್ಳ ಸೇರ್ತಿತ್ತು, ಮಣ್ಣು ಹೋಗಬಾರದು ಅಂತ ಅಡ್ಡ ಒಡ್ಡು ಹಾಕ್ತಿದ್ರು. ಹೊಲ ಸಪಾಟ ಮಾಡಬೇಕು ಅನ್ನೂ ಮಾತು ಯಾರ ಬಾಯಾಗೂ ಇದ್ದಿಲ್ಲ.

1945ರಾಗ ತುಂಗಭದ್ರಾ ಅಣೆಕಟ್ಟಿನ ಅಡಿಗಲ್ಲು ಬಿತ್ತು. ಒಂದು ದಂಡಿ ಹೈದರಾಬಾದ್ ಸಂಸ್ಥಾನದ್ದು, ಇನ್ನೊಂದು ದಂಡಿ ಮದ್ರಾಸ್ ಪ್ರಾಂತದ್ದು. 1953ರಾಗ ಕಾಲಿವಿಗೆ ನೀರು ಬಂತು. ಎಡದಂಡಿ ಕಾಲಿವಿ ಈಗಿನ ಕೊಪ್ಪಳ, ರಾಯಚೂರು ಜಿಲ್ಲೆದಾಗ 200 ಕಿಲೋಮೀಟರಿಗಿಂತ ಹೆಚ್ಚು ಉದ್ದ ಹರೀತದ. ಇದನ್ನ ಯೋಜನೆ ಮಾಡಿದವರ ಲೆಕ್ಕದಾಗ ಬಹಳಷ್ಟು ಭೂಮಿಗೆ ಜ್ವಾಳ, ಹತ್ತಿ, ಶೇಂಗಾದಂಥ ಕಡಿಮಿ ನೀರಿನ ಬೆಳಿ ಇತ್ತು. ಆದ್ರ ಕರಾವಳಿ ಆಂಧ್ರದಿಂದ ನೆಲ್ಲು ಬೆಳದು ಗೊತ್ತಿದ್ದ ಮಂದಿ ಬಂದ್ರು, ಭೂಮಿ ಕೊಂಡ್ರು, ಕ್ಯಾಂಪ್ ಕಟ್ಟಿಕೊಂಡ್ರು. ಇವತ್ತಿಗೂ ಬಸ್ಸಿನ ಬೋರ್ಡಿನ ಮ್ಯಾಲೆ ಎಷ್ಟು ಕ್ಯಾಂಪಿನ ಹೆಸರು ಅದಾವ ನೋಡ್ರಿ. ಅವರನ್ನ ನೋಡಿ ನಮ್ಮವರೂ ನೆಲ್ಲಿಗೆ ಇಳದ್ರು.

ನೆಲ್ಲಿಗೆ ಸಪಾಟ ಬೇಕೇ ಬೇಕು. ಹಂಚು ಸೊಟ್ಟ ಇದ್ರ ದ್ವಾಸಿ ಹಿಟ್ಟು ಒಂದು ಕಡೆ ಹರದು ದಪ್ಪ ಆಗ್ತದಲ್ಲ, ಗದ್ದ್ಯಾಗ ನೀರೂ ಹಂಗ. ಒಂದು ಮೂಲಿ ಗೇಣು ಎತ್ತರ ಇದ್ರ ಅಲ್ಲಿ ನೀರು ಏರೂದಿಲ್ಲ, ಕಸ ಎದ್ದು ಬರ್ತದ. ತಗ್ಗಿನ ಮೂಲ್ಯಾಗ ಸಸಿ ಮುಳುಗಿ ಕೊಳೀತದ. ಎತ್ತರದ ಮೂಲಿ ನೆನೀಲಿ ಅಂತ ಗೇಟು ಬಿಟ್ಟಕೊಂತ ಹೋದ್ರ ಕಾಲಿವಿ ಕೊನಿ ಊರಿನವರಿಗೆ ನೀರೇ ಮುಟ್ಟೂದಿಲ್ಲ. ಕೊನಿ ಊರಿಗೆ ಮಗಳನ್ನ ಕೊಟ್ಟವರಿಗೆ ಇದರ ಸಂಕಟ ಗೊತ್ತು.

ಮೊದಲಿನ ವರ್ಷ ಮಟ್ಟ ಮಾಡೂ ಕೆಲಸ ಎಲ್ಲಾ ಕೈಯಿಂದ ಆತು. ಗಂಡಸರು ಗುದ್ಲಿಲೆ ಕಡದು ಬುಟ್ಟಿ ತುಂಬ್ತಿದ್ರು, ಹೆಣ್ಣಮಕ್ಕಳು ಹೊತಗೊಂಡು ತಗ್ಗಿಗೆ ಸುರೀತಿದ್ರು. ನಮ್ಮತ್ತಿ ಹರೇದಾಗ ಮಾಡಿದ ಕೆಲಸ ಅದು. ಎಲ್ಲಿ ಕಡೀಬೇಕು ಅಂತ ನೋಡಾಕ ಯಾವ ಯಂತ್ರಾನೂ ಇದ್ದಿಲ್ಲ. ಒಂದು ಸಲ ನೀರು ಬಿಟ್ಟು ನೋಡ್ತಿದ್ರು. ನೀರಿನ ಮ್ಯಾಲೆ ಕಂಡಿದ್ದು ಉಬ್ಬು, ಮುಳುಗಿದ್ದು ತಗ್ಗು. ಗುರುತಿಗೆ ಕಡ್ಡಿ ನೆಟ್ಟು, ನೆಲ ಒಣಗಿದ ಮ್ಯಾಲೆ ಕಡೀತಿದ್ರು.

ಆಮ್ಯಾಲೆ ಟ್ರ್ಯಾಕ್ಟರ್ ಬಂತು. ಹಳೇ ಟ್ರ್ಯಾಕ್ಟರಿಗೆ ನೇಗಿಲಾನ ಬಂಡಿ ಕಟ್ಟಿದಂಗ ಹಿಂದ ಕಟ್ಟಿ ಎಳಸ್ತಿದ್ರು. ನೇಗಿಲು ಕಲ್ಲಿಗೆ ಸಿಕ್ಕಿತು ಅಂದ್ರ ಟ್ರ್ಯಾಕ್ಟರಿನ ಮೂತಿ ಮ್ಯಾಲೆದ್ದು ನಡಸವನ ಮ್ಯಾಲೇ ಮಗಚಿ ಬೀಳ್ತಿತ್ತು. ಇದಕ್ಕ ದಾರಿ ಹುಡುಕಿದವ ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗ್ಯುಸನ್. ಕೆಳಗ ಎರಡು ಕೈ, ಮ್ಯಾಲೊಂದು ಕೈ, ಒಟ್ಟು ಮೂರು ಕಡೆ ಹಿಡದು ನೇಗಿಲಾನ ಟ್ರ್ಯಾಕ್ಟರಿನ ಮೈಗೇ ಜೋಡಿಸಿದ. ಎಳತದ ಭಾರ ಮುಂದಿನ ಗಾಲಿಗೂ ಬಿದ್ದು ಮೂತಿ ನೆಲ ಬಿಡೂದು ತಪ್ಪಿತು. ಎಣ್ಣಿ ಒತ್ತಡದಿಂದ ನೇಗಿಲು ಏರಿಸೂದು ಇಳಸೂದು ಒಂದು ಲಿವರಿಗೆ ಬಂತು. 1939ರಾಗ ಅಮೆರಿಕಾದ ಹೆನ್ರಿ ಫೋರ್ಡ್ ಜೊತಿ ಸೇರಿ ಅಂಥಾ ಟ್ರ್ಯಾಕ್ಟರ್ ತಂದ. ಇಬ್ಬರ ನಡುವ ಆಗಿದ್ದು ಕೈ ಕೈ ಕುಲುಕಿದ ಮಾತು ಅಷ್ಟ, ಕಾಗದ ಪತ್ರ ಇಲ್ಲ. ಮುಂದ ಅದೇ ಕೋರ್ಟಿಗೆ ಹೋಗಿ ವರ್ಷಗಟ್ಲೆ ನಡೀತು. 1946ರಿಂದ 1956ರ ತನಕ ಇಂಗ್ಲೆಂಡಿನ ಕವೆಂಟ್ರಿ ಊರಾಗ ಅವನ ಬೂದಿ ಬಣ್ಣದ ಸಣ್ಣ ಟ್ರ್ಯಾಕ್ಟರ್ 5 ಲಕ್ಷಕ್ಕಿಂತ ಹೆಚ್ಚು ತಯಾರಾದವು.

ನಮ್ಮ ದೇಶದಾಗ 1959ಕ್ಕ ಫರೀದಾಬಾದಿನಾಗ ಐಷರ್ ಟ್ರ್ಯಾಕ್ಟರ್ ತಯಾರಾತು. 1960ರಾಗ ಮದ್ರಾಸಿನ ಟಾಫೆ ಕಂಪನಿ ಶುರುವಾಗಿ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರ್ ಮಾಡಾಕ ಹತ್ತಿತು. ಫರ್ಗ್ಯುಸನ್ ತೀರಿಕೊಂಡಿದ್ದೂ ಅದೇ ವರ್ಷ. ಈಗ ಯಾವ ಕಂಪನಿ ಟ್ರ್ಯಾಕ್ಟರ್ ಹಿಂದ ಹೋಗಿ ನಿಂತ್ರೂ ಅವನ ಆ ಮೂರು ಕೈ ಕಾಣ್ತಾವ. ನಮ್ಮ ಬ್ಲೇಡ್ ಕೂತಿದ್ದೂ ಅವುಗಳ ಮ್ಯಾಲೇ. ಉಬ್ಬಿನ ಮ್ಯಾಲೆ ಬ್ಲೇಡ್ ಇಳಿಸಿದ್ರ ಮಣ್ಣು ಹೆರಕೊಂಡು ಬರ್ತದ, ತಗ್ಗಿಗೆ ಬಂದಾಗ ಎತ್ತಿದ್ರ ಅಲ್ಲೇ ಬೀಳ್ತದ. ನೂರು ಬುಟ್ಟಿ ಮಣ್ಣು ಕಣ್ಣು ಮುಚ್ಚಿ ತೆಗೆಯೂದ್ರಾಗ ಜಾಗ ಬದಲಿಸ್ತದ.

1974-75ರಿಂದ ಸರಕಾರದ ಅಚ್ಚುಕಟ್ಟು ಅಭಿವೃದ್ಧಿ ಕೆಲಸದಾಗ ಭೂಮಿ ಮಟ್ಟ ಮಾಡೂದೂ ಸೇರಿತು. ಕೆಲಸ ಬೇಗ ಆತು. ಬೇಗ ಆಗೂದ್ರಾಗ ಒಂದು ಕೆಡುಕೂ ಬಂತು, ಅದನ್ನ ನಮ್ಮ ಅಕ್ಕ ಉಂಡಾಳ.

ಅಕ್ಕನ ಮನಿಯವರು ಬಾಡಗಿ ಯಂತ್ರ ತರಿಸಿ ಮೂರು ಎಕರೆ ಮಟ್ಟ ಮಾಡಿಸಿದ್ರು. ನಡಸವರು ತಾಸಿನ ಲೆಕ್ಕದಾಗ ಬಂದವರು. ಎತ್ತರದ ಕಡೀಗೆ ಎರಡು ಅಡಿ ಕಡದು ತಗ್ಗಿಗೆ ತುಂಬಿ ಸಂಜಿಗೆ ಹೋದ್ರು. ಹೊಲ ಕಣ್ಣಿಗೆ ಚಂದ ಕಂಡಿತು. ಆದ್ರ ಮ್ಯಾಲಿನ ಕರೀ ಮಣ್ಣೆಲ್ಲಾ ತಗ್ಗಿನ್ಯಾಗ ಹುಗದು ಹೋಗಿತ್ತು, ಎತ್ತರದ ಕಡೆ ಸುಣ್ಣಕಲ್ಲಿನ ಬೆಳ್ಳನ ಮಣ್ಣು ಬಿಚ್ಚಿಕೊಂಡಿತ್ತು. ಆ ಕಡೆ ಹಚ್ಚಿದ ಸಸಿ ಹಳದಿ ಆಗಿ ಗೇಣುದ್ದಕ್ಕ ನಿಂತವು. ಮೂರು ವರ್ಷ ಅರ್ಧ ಹೊಲ ಕೈಗೆ ಬರಲಿಲ್ಲ. ಅಕ್ಕನ ಪಾಟ್ಲಿ ಗಿರವಿಗೆ ಹೋದವು. ಬಿಡಿಸಿಕೊಳ್ಳೂದ್ರಾಗ ಮಗಳು ಮದುವಿಗೆ ಬಂದಿದ್ದಳು.

ನಮ್ಮತ್ತಿ ಅದನ್ನ ನೋಡಿ ಅಂದಿದ್ದು ಇಷ್ಟ: "ಹಾಲು ಕಾಸಿದ ಮ್ಯಾಲೆ ಕೆನಿ ಬ್ಯಾರೆ ತೆಗದು ಇಡ್ತೀರಿ, ಹೊಲದ ಕೆನಿ ಯಾಕ ಇಡ್ಲಿಲ್ಲ?" ಬುಟ್ಟಿ ಹೊರವರ ಪದ್ಧತಿ ಹಂಗೇ ಇತ್ತಂತ. ಮ್ಯಾಲಿನ ಗೇಣು ಮಣ್ಣು ಮೊದಲು ಒಂದು ಕಡೆ ಒಟ್ಟಿ, ಕೆಳಗಿನ ಮಣ್ಣು ಮಟ್ಟ ಮಾಡಿ, ಆಮ್ಯಾಲೆ ಆ ಕರೀ ಮಣ್ಣು ಮತ್ತ ಹರಡ್ತಿದ್ರು. ಕೆಲಸ ಎರಡು ಪಟ್ಟು, ಆದ್ರ ಅದೇ ವರ್ಷ ಬೆಳಿ ಕೈಗೆ ಬರ್ತಿತ್ತು.

ಈಗ ಲೇಸರ್ ಮಟ್ಟದ ಯಂತ್ರ ಅದಾವ. 2001ರ ಸುಮಾರಿಗೆ ಉತ್ತರ ಪ್ರದೇಶದ ಪಶ್ಚಿಮ ಭಾಗದಾಗ ಶುರುವಾಗಿ ಎಲ್ಲಾ ಕಡೆ ಹಬ್ಬಿದವು. ಹೊಲದ ದಂಡಿಗೆ ಬೆಳಕು ಬಿಡೂ ಕಂಬ ನಿಲ್ಲಸ್ತಾರ. ಆ ಬೆಳಕಿನ ಅಳತಿಗೆ ಬಕೆಟ್ಟು ತಾನೇ ಏರಿ ಇಳೀತದ. ಉಬ್ಬು ತಗ್ಗು ಬೆರಳಿನಷ್ಟು ಇದ್ರೂ ಅದಕ್ಕ ಗೊತ್ತಾಗ್ತದ. ಯಾವುದು ಕರೀ ಮಣ್ಣು, ಯಾವುದು ಬೆಳ್ಳನ ಮಣ್ಣು ಅನ್ನೂದು ಅದಕ್ಕ ಗೊತ್ತಾಗೂದಿಲ್ಲ, ಅದನ್ನ ನಾವೇ ನೋಡಬೇಕು.

ಇನ್ನೊಂದು ಮಾತು ಐತಿ. ಸಪಾಟ ಗದ್ದಿಗೆ ನೀರು ಬರೂ ದಾರಿ ಇದ್ದಂಗ ಹೋಗೂ ದಾರಿನೂ ಬೇಕು. ನಮ್ಮ ಭಾಗದಾಗ ನೀರು ನಿಂತು ನಿಂತು ಎಷ್ಟೋ ಭೂಮಿ ಸೌಳಾಗೇದ, ಮ್ಯಾಲೆ ಉಪ್ಪು ಬೆಳ್ಳಗ ಕಾಣ್ತದ. ಬಸಿಗಾಲಿವಿ ಮುಚ್ಚಿ ನಾಲ್ಕು ಸಾಲು ನೆಲ್ಲು ಹೆಚ್ಚು ಹಚ್ಚಿದ್ರ ಲಾಭ ಅಂತ ಯಾರರ ಅಂದ್ರ ಕೇಳಬ್ಯಾಡ್ರಿ.

ನಮ್ಮ ಮಗನಿಗೆ ನಾಲ್ಕೂ ಎಕರೆ ಒಂದೇ ಮಡಿ ಮಾಡೂ ಆಸೆ ಇತ್ತು, ಯಂತ್ರ ತಿರಗಾಕ ಸಸಾರ ಅಂತ. ಹಂಗ ಮಾಡಿದ್ರ ಮ್ಯಾಲಿನ ತುದಿಗೆ ಎರಡೂವರೆ ಅಡಿ ಕಡೀಬೇಕಾಗ್ತದ. ಮನ್ಯಾಗ ನಾಲ್ಕು ದಿವಸ ಮಾತಾತು. ಕೊನಿಗೆ ಮೂರು ಮೆಟ್ಟಲಾಗಿ ಮೂರು ಮಡಿ ಅಂತ ನಿಂತೈತಿ. ಯಾವ ಮಡ್ಯಾಗೂ ಒಂದಡಿ ಮೀರಿ ಕಡಿಯೂದಿಲ್ಲ, ನಡುವಿನ ಎರಡು ಬದು ಉಳೀತಾವ. ಹಿಂಗಾರಿ ಸುಗ್ಗಿ ಮುಗದು ಕಾಲಿವಿ ನಿಂತ ಮ್ಯಾಲೆ ನೆಲ ಒಣಗಿದಾಗ ಕೆಲಸ ಶುರು. ಮೊದಲು ಕರೀ ಮಣ್ಣು ಒಟ್ಟೂದು, ಕೊನಿಗೆ ಅದನ್ನ ಹರಡಿ ತಿಪ್ಪಿಗೊಬ್ಬರ ಹಾಕಿ, ಮಳಿ ಬಿದ್ದ ಕೂಡ್ಲೆ ಸೆಣಬು ಚೆಲ್ಲಿ ಹೂವಿಗೆ ಬರೂ ಮುಂಚೆ ಮಣ್ಣಾಗ ಹೊಡಿಯೂದು. ಕರೀ ಮಣ್ಣು ಒಟ್ಟೂ ದಿವಸ ಬುತ್ತಿ ಕಟಗೊಂಡು ನಾನೂ ಹೊಲಕ್ಕ ಹೋಗಾಕಿ. ಅತ್ತಿ ಕೂಡ್ರಾಕ ಬೇವಿನ ಗಿಡದ ನೆಳ್ಳಿಗೆ ಹೊರಸು ಹಾಕಸ್ರಿ ಅಂತ ಈಗೇ ಹೇಳ್ಯಾಳ.